ಡ್ರ್ಯಾಗನ್ ಹಣ್ಣಿನ ತೋಟದಲ್ಲಿ ಹೂಬಿಟ್ಟ ಅರ್ಜಿ

ಬೆಳಗಾಗುವ ಹೊತ್ತಿಗೆ, ವಿದ್ಯಾರ್ಥಿಗಳೆಲ್ಲ ಚಿಕ್ಕಮ್ಮ ಎನ್ನುವ ಕೆಲಸದಾಕೆ ಲಿಯಾವ್ ಸು-ಓ ಅವರು ಕಾಲೇಜಿನ ಗಾಜಿನ ಮನೆಯ ಬೀಗ ತೆಗೆಯುತ್ತಾರೆ. ಗಿಡ ಬೆಳೆಸುವ ಬೆಳಕಿನ ಪೆಟ್ಟಿಗೆಗಳ ನೆತ್ತಿಯ ಮೇಲೆ ಕೂತ ಕುರುಕಲು ತಿಂಡಿಯ ಹಸಿರು ಪೊಟ್ಟಣಗಳ ತಾರೀಖು ನೋಡುತ್ತಾರೆ. ಯಂತ್ರ ಹಟ ಮಾಡದಿರಲಿ ಅಂತ ನಮ್ಮ ತೈವಾನಿನಲ್ಲಿ ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆ ಇಡುವ ಪೊಟ್ಟಣವದು. ಹಸಿರೇ ಆಗಬೇಕು, ಹಳದಿ ಇಟ್ಟರೆ ಯಂತ್ರ ಮುನಿಯುತ್ತದಂತೆ; ಹಳತಾಗಿರಬಾರದು, ಯಾರೂ ತಿನ್ನಬಾರದು. ಆಮೇಲೆ ನೀರು, ಕಸ, ಕುಂಡ ತಿಕ್ಕುವ ಕೆಲಸ. ಅವರು ತಿಕ್ಕಿದ ಕುಂಡಗಳಲ್ಲಿ ಗಿಡ ಬೆಳೆಸಿ ಎಷ್ಟೋ ಮಂದಿ ಪದವಿ ಪಡೆದಿದ್ದಾರೆ. ಯಾರ ಪ್ರಬಂಧದಲ್ಲೂ ಸು-ಓ ಹೆಸರಿಲ್ಲ.

ಈ ಸಲ ಒಬ್ಬಳು ಆ ಪೊಟ್ಟಣ ತಿಂದೇಬಿಟ್ಟಳು! ಮೂರನೇ ವರ್ಷದ ವಿದ್ಯಾರ್ಥಿನಿ ಕುವೊ ಪೇ-ಯುನ್. ತೈಪೆಯ ಸಸ್ಯವಿಜ್ಞಾನ ಸಂಸ್ಥೆಯೊಂದರ ಬೇಸಿಗೆ ಸಂಶೋಧನಾ ತರಬೇತಿಗೆ ಅವಳು ಹೋದ ವರ್ಷ ಹಾಕಿದ ಅರ್ಜಿ, ಸ್ವಂತ ಪ್ರಯೋಗವೇ ಇಲ್ಲವೆಂದು ತಿರಸ್ಕೃತವಾಗಿತ್ತು. ಮತ್ತೆ ಅರ್ಜಿ ಹಾಕಲು ಅವಳಿಗಿದ್ದದ್ದು ಇದೊಂದೇ ಅವಕಾಶ. ಅದಕ್ಕೇ ಸಾಸಿವೆ ಜಾತಿಯ ಪುಟ್ಟ ಗಿಡದ ಎರಡು ತಳಿ ಬೆಳೆಸಿ, ಹೆಚ್ಚು ಬೆಳಕಿಗೆ ಯಾವುದು ಮೊದಲು ಹೂ ಬಿಡುತ್ತದೆಂದು ಕಾಯುತ್ತಿದ್ದಳು. ಹಸಿವು ತಡೆಯದೆ ಪೊಟ್ಟಣಕ್ಕೆ ಕೈ ಹಾಕಿದಳು. ಮಾರನೆಯ ದಿನವೇ ಪೆಟ್ಟಿಗೆಯ ದೀಪ ಕೆಟ್ಟಿತು. ಹೊಸವರ್ಷದ ರಜೆ ಬೇರೆ, ರಿಪೇರಿಯವನು ಊರಿಗೆ ಹೋಗಿದ್ದ.

“ದೇವರ ಮುಂದಿಟ್ಟಿದ್ದು ಬೇಕಾದ್ರೆ ತಿನ್ನು, ಅದನ್ನ ಯಾರಾದ್ರೂ ತಿಂತಾರೇನೇ ಹುಡುಗಿ!” ಅಂತ ಬೈಯುತ್ತಲೇ ಸು-ಓ ಕುಂಡಗಳನ್ನು ತಮ್ಮನ ಪುಟ್ಟ ನೀಲಿ ಲಾರಿಗೆ ಏರಿಸಿದರು. ತಮ್ಮನದು ಎರ್ಲಿನ್‌ನಲ್ಲಿ ಡ್ರ್ಯಾಗನ್ ಹಣ್ಣಿನ ತೋಟ. ಚಳಿಗಾಲದಲ್ಲೂ ಹೂ ಬರಲೆಂದು ಅಲ್ಲಿ ಸಂಜೆಯಾದ ಮೇಲೆ ಸಾಲುಸಾಲು ಬಲ್ಬು ಉರಿಯುತ್ತವೆ.

“ನಂಗೇನ್ ಗೊತ್ತು ವಿಜ್ಞಾನ? ಬೆಳಕಿಲ್ಲ ಅಂತ ಅಳ್ತಿದ್ಲು. ಬೆಳಕಿರೋ ಕಡೆ ಹೊತ್ಕೊಂಡ್ ಹೋದೆ” ಎನ್ನುತ್ತಾರೆ ಸು-ಓ, ಕುಂಡ ತಿಕ್ಕುತ್ತಲೇ.

ಹೂವೇನೋ ಬಂತು. ಆದರೆ ತೋಟದ ಚಳಿಗಾಳಿಯಲ್ಲಿ, ಹಿಂದೆ ಬೀಳಬೇಕಿದ್ದ ತಳಿಯೇ ಮೊದಲು ಹೂ ಬಿಟ್ಟಿತು. ಪೇ-ಯುನ್ ಕಂಗಾಲು. “ಪೆಟ್ಟಿಗೇಲೇ ಬೆಳೆಸಿದ್ದು ಅಂತ ಬರೀತೀನಿ ಚಿಕ್ಕಮ್ಮಾ. ಹಣ್ಣಿನ ತೋಟ ಅಂದ್ರೆ ನಗ್ತಾರೆ.”

“ನಗ್ಲಿ ಬಿಡು. ಚಳೀಲಿ ನಡುಗ್ಕೊಂಡು ಹೂ ಬಿಟ್ಟಿದೆ ಪಾಪ, ಅದರ ಮೇಲೆ ಸುಳ್ಳು ಬರೀತೀಯಾ?”

ಹುಡುಗಿ ಇದ್ದದ್ದನ್ನು ಇದ್ದಹಾಗೇ ಬರೆದಳು. ಬಲ್ಬಿನ ಕೆಳಗಿನ ಕುಂಡಗಳ ಫೋಟೋ ಲಗತ್ತಿಸಿದಳು. ಸಂದರ್ಶನದಲ್ಲಿ ಕೇಳಿದ್ದೆಲ್ಲ ತೋಟದ ಚಳಿಯ ಬಗ್ಗೆಯೇ. ಹೋದ ವಾರ ಉತ್ತರ ಬಂದಿದೆ: ಆಯ್ಕೆಯಾಗಿದ್ದಾಳೆ! ಇವರ ಕಥೆ ಕೇಳಲು ಹೋದ ನನಗೇ ಕಣ್ಣು ತುಂಬಿತು. ಸು-ಓ ಮಾತ್ರ ಪೈಪು ಸುತ್ತಿಡುತ್ತಾ, “ನನ್ ತಮ್ಮನ ತೋಟ ತೈಪೆಗೆ ಹೊರಟಿತು ನೋಡಿ” ಎಂದು ನಗುತ್ತಾರೆ.

ಅಷ್ಟರಲ್ಲಿ ಪೇ-ಯುನ್ ಹೊರಡುವ ಮುನ್ನ ಹೇಳಿಹೋಗಲು ಬರುತ್ತಾಳೆ. ಸು-ಓ ಅವಳ ಚೀಲಕ್ಕೆ ಎರಡು ಪೊಟ್ಟಣ ತುರುಕುತ್ತಾರೆ, ಒಂದು ಹಸಿರು, ಒಂದು ಹಳದಿ.

“ಹಸಿರು ಅಲ್ಲಿನ ಪೆಟ್ಟಿಗೆಗೆ. ಹಳದಿ ನಿನ್ ಹೊಟ್ಟೆಗೆ. ಅದಲು ಬದಲು ಮಾಡ್ಬೇಡ, ತೈಪೆವರೆಗೆ ನಮ್ ಲಾರಿ ಬರಲ್ಲ.”