ಸಾಲಿನ ಕೊನೆಯ ಚಿಪ್ಪು

ಕೊಕ್ಕರ್ಣೆಯ ಉಮಾವತಿ ಶೆಡ್ತಿ ಕೋಡಿಯ ಶಾಲೆಗೆ ಒಂದನೇ ಕ್ಲಾಸಿನ ಟೀಚರಾಗಿ ಬಂದದ್ದು ಯುದ್ಧ ಮುಗಿದರೂ ಅಕ್ಕಿಗೆ ಇನ್ನೂ ರೇಷನ್ ಇದ್ದ ಕಾಲದಲ್ಲಿ. ಹೆಂಗಸೊಬ್ಬಳು ಕೊಡೆ ಹಿಡಿದು ಒಬ್ಬಳೇ ದೋಣಿಯಿಂದ ಇಳಿದದ್ದನ್ನು ಕಂಡು ಅರ್ಧ ಊರು ಬಾಯಿ ಬಿಟ್ಟಿತ್ತು. ಸಣ್ಣ ಮಕ್ಕಳಿಗೆ ಆಟದಲ್ಲೇ ಪಾಠ ಹೇಳಬೇಕು, ಹಾಡಿಸಬೇಕು, ಮಣ್ಣಲ್ಲಿ ಗೊಂಬೆ ಮಾಡಿಸಬೇಕು ಎಂದೆಲ್ಲ ಮಂಗಳೂರಿನ ಟ್ರೈನಿಂಗಿನಲ್ಲಿ ಅವರಿಗೆ ಹೇಳಿಕೊಟ್ಟಿದ್ದರು. ಅದೆಲ್ಲ ಹೊಳೆ ದಾಟುವಷ್ಟರಲ್ಲೇ ನೀರುಪಾಲಾಯಿತು.

ಆ ಕೇರಿಯಲ್ಲಿ ಮಗುವನ್ನು ಶಾಲೆಗೆ ಸೇರಿಸುವ ಕ್ರಮವೇ ಬೇರೆ. ಮನೆಯವರು ವೀಳ್ಯದೆಲೆ, ಅಡಿಕೆಯ ಜೊತೆ ಒಂದು ಅಡರನ್ನೂ ತರಬೇಕು. ಅಡರೆಂದರೆ ಹೊಡೆಯುವ ಸಪೂರ ಕೋಲು. ಮೀನು ಮಾರುವ ನಾಗು ಮಗಳು ಬೆಳ್ಳಿಯ ಜೊತೆ ತಂದ ಹುಣಸೆ ಅಡರಂತೂ ಸಿಪ್ಪೆ ಹೆರೆದು ನಯ ಮಾಡಿದ್ದು. ಟೀಚರ ಕೈ ನೋಯಬಾರದಲ್ಲ!

“ಕಣ್ಣೊಂದ್ ಬಿಟ್ಟ್ ಎಲ್ಲಿಗ್ ಬೇಕಾರೂ ಹೊಡಿಲಕ್ಕ್ ಟೀಚರೇ,” ಎಂದಳು ನಾಗು. “ನಾನಂತೂ ಕಲಿಲಿಲ್ಲ. ಇದಾರೂ ನಾಕಕ್ಷರ ಕಲಿಲಿ.”

ಕೊಟ್ಟ ಕೋಲನ್ನು ಟೀಚರು ಗೂಡಿನಲ್ಲಿಟ್ಟು ಪೂಜೆ ಮಾಡಲಿಲ್ಲ. ಮಕ್ಕಳು ಹೆದರಿ ಅಕ್ಷರ ಕಲಿತರು, ಊರೂ ಮೆಚ್ಚಿತು. ಬೆಳ್ಳಿ ಮಾತ್ರ ಬಾಯಿಯೇ ಬಿಡಲಿಲ್ಲ. ಸಾಲಿನ ಕೊನೆಯಲ್ಲಿ ಕೂತು ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು, ಅಷ್ಟೇ.

“ಬಾಯಗೆ ಎಂತ ಕಡ್ಬ್ ಇತ್ತಾ? ಕೈ ನೀಡ್!” ಎಂದು ಟೀಚರು ಗದರಿಸುವರು. ಅವಳು ಕೈ ನೀಡುವಳು, ಪೆಟ್ಟು ತಿನ್ನುವಳು, ಮತ್ತೆ ಮೌನ. ಮಳೆಗಾಲ ಕಳೆದು ಚಳಿ ಬಂದರೂ ಅದೇ ಕಥೆ. ಕೊನೆಗೆ ಟೀಚರು ಸೋತು ನಾಗುವನ್ನು ಕರೆಸಿದರು.

“ಕಲ್ಲಿಗ್ ಎಷ್ಟ್ ನೀರ್ ಹೊಯ್ದ್ರೂ ಮೆತ್ತಗಾತ್ತಾ ನಾಗು? ಇದ್ಕ್ ವಿದ್ಯೆ ಹತ್ತುದಿಲ್ಲ. ಕರ್ಕಂಡ್ ಹೋಗ್.”

“ಆಯ್ತ್ ಟೀಚರೇ. ನಾಳಿಂದ ನನ್ನೊಟ್ಟಿಗೆ ಮೀನ್ ಒಣ್ಸುಕ್ ಬರ್ಲಿ,” ಎಂದು ನಾಗು ಸೆರಗಿನಿಂದ ಮೂಗೊರೆಸಿಕೊಂಡು ಮಗಳ ಕೈ ಹಿಡಿದು ನಡೆದಳು. ಟೀಚರಿಗೆ ಒಂದು ತಲೆನೋವು ಕಳೆದಂತಾಯಿತು.

ಆ ಭಾನುವಾರ ಅವರು ಕುಂದಾಪುರದ ದೋಣಿ ಹಿಡಿಯಲು ಕಡಲ ಬದಿಯಲ್ಲಿ ನಡೆದು ಹೋಗುತ್ತಿದ್ದರು. ಮೀನು ಒಣಹಾಕಿದ ಚಾಪೆಗಳ ಆಚೆ, ಮಗುಚಿಟ್ಟ ದೋಣಿಯ ಮರೆಯಿಂದ ಯಾರೋ ಗದರಿಸುವುದು ಕೇಳಿಸಿತು. ಕೇಳಿದವರೇ ನಿಂತುಬಿಟ್ಟರು. ಅದು ಅವರದೇ ಸ್ವರ! ಅದೇ ಗತ್ತು, ಮಾತಿನ ನಡುವೆ ಗಂಟಲು ಸರಿಮಾಡಿಕೊಳ್ಳುವ ಅದೇ ಚಟ.

ಇಣುಕಿದರೆ ಬೆಳ್ಳಿ! ಎದುರಿಗೆ ಮರಳಿನಲ್ಲಿ ಸಾಲಾಗಿ ಕೂರಿಸಿದ ಮರುವಾಯಿ ಚಿಪ್ಪುಗಳು. ಅವಳ ಹಿಂದೆ ಮರಳ ಮೇಲೆ ಅ ಆ ಇ ಈ, ಒಂದೂ ತಪ್ಪಿಲ್ಲ, ಗುಂಡು ಗುಂಡಾಗಿ. ಟೀಚರು ಹೇಳಿಕೊಟ್ಟ ಪದ್ಯವನ್ನು ಹುಡುಗಿ ಅರಳು ಹುರಿದಂತೆ ಹೇಳಿ ಮುಗಿಸಿದಳು. ಇಷ್ಟನ್ನೂ ಈ ಮೂಗಿ ಯಾವಾಗ ಕಲಿತಳು?

ಅಷ್ಟರಲ್ಲಿ ಬೆಳ್ಳಿ ಸಾಲಿನ ಕೊನೆಯ ಚಿಪ್ಪಿನತ್ತ ತಿರುಗಿದಳು. ಮುಖ ಕೆಂಪಾಯಿತು.

“ಬೆಳ್ಳೀ! ಬಾಯಗೆ ಎಂತ ಕಡ್ಬ್ ಇತ್ತಾ? ಕೈ ನೀಡ್!”

ಕೈಯಲ್ಲಿದ್ದ ಕೋಲಿನಿಂದ ಬಾರಿಸಿದಳು. ಒಂದಲ್ಲ, ಚಿಪ್ಪು ಪುಡಿಯಾಗುವ ತನಕ. “ಕಲ್ಲ್ ನೀನ್. ಮನಿಗ್ ಹೋಗ್,” ಎಂದು ಅದರ ಚೂರುಗಳನ್ನು ಕಾಲಿನಿಂದ ಒದ್ದಳು.

ಉಮಾವತಿ ಟೀಚರಿಗೆ ಕನ್ನಡಿಯಲ್ಲಿ ದೆವ್ವ ಕಂಡಂತಾಯಿತು. ತಾನು ಇಷ್ಟು ಕ್ರೂರಿಯೇ? ಅವರಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಏನು ತೋಚಿತೋ, ಕೊಡೆ ಬದಿಗಿಟ್ಟು, ಪುಡಿಯಾದ ಚಿಪ್ಪಿನ ಜಾಗದಲ್ಲಿ ಹೋಗಿ ಕೂತರು.

ಬೆಳ್ಳಿ ಬಿಳುಚಿಕೊಂಡಳು. ಕೋಲು ಬೆನ್ನ ಹಿಂದೆ ಹೋಯಿತು.

“ನಾನ್ ಹೊಸ್ತಾಯಿ ಸೇರದ್ದ್,” ಎಂದರು ಟೀಚರು. “ನಂಗ್ ಎಂತದೂ ಬತ್ತಿಲ್ಲೆ ಟೀಚರೇ.” ಬೆರಳಿನಿಂದ ಮರಳಲ್ಲಿ ‘ಆ’ ಎಂದು ಬೇಕೆಂದೇ ಸೊಟ್ಟ ಬರೆದರು.

ಹುಡುಗಿ ಅವರ ಮುಖ ನೋಡಿದಳು, ಆಮೇಲೆ ಸೊಟ್ಟ ಅಕ್ಷರ ನೋಡಿದಳು. ಅವಳೊಳಗಿನ ಟೀಚರ್ ತಡೆಯಲಾರದೆ ಹೊರಬಂದಳು.

“ಕೈ ನೀಡ್.”

ಮಕ್ಕಳ ಪೆಟ್ಟಲ್ಲವೇ ಎಂದುಕೊಂಡು ಅವರು ಕೈ ನೀಡಿದರು. ಚಟೀರೆಂದು ಬಿತ್ತು. ಕಣ್ಣಲ್ಲಿ ನೀರು ಚಿಮ್ಮಿತು. ಅಡರಿನ ಪೆಟ್ಟು ಇಷ್ಟು ಉರಿಯುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ.

ಬೆಳ್ಳಿ ಕೋಲು ಬಿಸಾಡಿ ಪಕ್ಕದಲ್ಲಿ ಕುಕ್ಕರಿಸಿದಳು. ಈಗ ಬಂದದ್ದು ಟೀಚರ ಸ್ವರವಲ್ಲ, ಅವಳದೇ ಸಣ್ಣ ಸ್ವರ.

“ನೋವಾಯ್ತಾ?”

ಆ ಒಂದು ಮಾತನ್ನು ಟೀಚರು ಯಾವ ಮಗುವಿಗೂ ಒಮ್ಮೆಯೂ ಕೇಳಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಬೆಳ್ಳಿಯ ಕೈ ಹಿಡಿದು ಅವರು ನಾಗುವಿನ ಅಂಗಳಕ್ಕೆ ಹೋದಾಗ, ಅಂಗೈಯ ಬಾಸುಂಡೆ ಕಂಡು ನಾಗು ಹೌಹಾರಿದಳು. “ಅಯ್ಯಯ್ಯೋ, ಯಾರ್ ಹೊಡ್ದದ್ ಟೀಚರೇ?”

“ನಿನ್ ಮಗ್ಳ್.”

ನಾಗು ಮಗಳ ಮೇಲೆ ಕೈಯೆತ್ತಿದಳು. ಟೀಚರು ನಡುವೆ ಬಂದು ನಿಂತರು.

“ನಾಳೆ ಶಾಲಿಗ್ ಕಳ್ಸ್ ನಾಗು,” ಎಂದರು. “ಅಡರ್ ಮಾತ್ರ ಬ್ಯಾಡ.”