ಆಪರೇಷನ್ ಕೋಣೆಗೆ ಬೀಗ ಹಾಕಿಸಿದವಳು

ಆಸ್ಪತ್ರೆಯಲ್ಲಿ ಅವಳಿಗೆ 'ಕೈ ಪೊಲೀಸ್' ಅಂತ ಅಡ್ಡಹೆಸರು. ಹನ್ನೊಂದು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಎರಡು ವರ್ಷದಿಂದ ಸೋಂಕು ನಿಯಂತ್ರಣದ ನರ್ಸ್. ಯಾರು ಕೈ ತೊಳೆದರು, ಯಾರ ಗಾಯ ಕೀವುಗಟ್ಟಿತು ಎಂದು ನೋಡುವುದು, ಕೆಲಸದವರಿಗೆಲ್ಲ ಶುಚಿಯ ಪಾಠ ಹೇಳುವುದು ಅವಳ ಪಾಲಿಗೆ ಬಂದಿತ್ತು. ಆದರೆ ಆ ಕೆಲಸದ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು. ಎರಡನೇ ಸಲಕ್ಕೆ ಒಂಬತ್ತು ದಿನ ಉಳಿದಿತ್ತು.

ಆ ಸೋಮವಾರ ಲ್ಯಾಬಿನಿಂದ ಮೂರನೇ ವರದಿ ಬಂತು. ಒಂದೇ ವಾರದಲ್ಲಿ ಆಪರೇಷನ್ ಆದ ಮೂವರ ಗಾಯದಲ್ಲೂ ಒಂದೇ ರೋಗಾಣು. ನೇರ ದೊಡ್ಡ ಸರ್ಜನ್ ಹತ್ತಿರ ಹೋದಳು.

"ಸರ್, ಮೂಲ ಸಿಗೋವರೆಗೂ ಆಪರೇಷನ್ ಕೋಣೆ ಮುಚ್ಚಬೇಕು."

"ನಾಳೆ ನಾಲ್ಕು ಜನ ಕಾಯ್ತಿದಾರೆ. ಪರೀಕ್ಷೆ ಪಾಸಾಗದವರು ನನಗೆ ಪಾಠ ಹೇಳ್ತೀರಾ?"

ಕೆನ್ನೆಗೆ ಬಾರಿಸಿದ ಹಾಗಾಯಿತು. ಆದರೂ ಕದಲಲಿಲ್ಲ. "ನಾನು ಪಾಸಾಗಲಿ ಅಂತ ರೋಗಾಣು ಕಾಯಲ್ಲ ಸರ್. ಮುಚ್ಚಲ್ಲ ಅಂದ್ರೆ ಹಾಗಂತ ಬರೆದು ಸಹಿ ಹಾಕಿಕೊಡಿ."

ಅವರು ಸಹಿ ಹಾಕಲಿಲ್ಲ. ಕೋಣೆಗೆ ಬೀಗ ಬಿತ್ತು.

ಮೇಜು, ದೀಪದ ಹಿಡಿ, ನಲ್ಲಿ, ಎಲ್ಲದರಿಂದಲೂ ಮಾದರಿ ತೆಗೆದಳು. ಕೊನೆಗೆ ಡಾಕ್ಟರುಗಳು ಕೈ ತೊಳೆಯುವ ಸೋಪಿನ ಬಾಟಲಿ ಎತ್ತಿದಳು. ತಳದಲ್ಲಿ ಹಳೇ ಸೋಪು ಲೋಳೆಯಾಗಿ ಅಂಟಿತ್ತು. ಅದನ್ನು ತುಂಬುತ್ತಿದ್ದದ್ದು, ಅಲ್ಲೇ ಸ್ವಚ್ಛತೆ ಕೆಲಸದಲ್ಲಿದ್ದ, ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಸ್ವಂತ ಅಕ್ಕ.

"ಅಕ್ಕಾ, ಇದನ್ನ ತೊಳೆದು ತುಂಬ್ತೀಯೋ, ಹಾಗೇನೋ?"

"ಅರ್ಧ ಆದ್ರೆ ಮೇಲೆ ಸುರೀತೀನಿ. ಸೋಪಿನ ಬಾಟಲಿನ ಯಾರಾದ್ರೂ ತೊಳೀತಾರೇನೇ!" ಅಕ್ಕ ನಕ್ಕಳು. ತಂಗಿಯ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು.

ಬುಧವಾರ ಲ್ಯಾಬ್‌ನವರು ಫೋನ್ ಮಾಡಿದರು. ಬಾಟಲಿಯಲ್ಲೂ ಅದೇ ರೋಗಾಣು.

"ನನ್ನ ಹೆಸರು ಬರೀತೀಯಾ?" ಅಕ್ಕ ಕೇಳಿದಳು.

"ಬರೀಲೇಬೇಕು. ಬಾಟಲಿ ತೊಳೀಬೇಕು ಅಂತ ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಂತಾನೂ ಬರೀತೀನಿ. ಹೇಳಿಕೊಡಬೇಕಾದವಳು ನಾನು."

ಹಾಗೇ ಬರೆದಳು. ಸರ್ಜನ್ ವರದಿಯನ್ನು ಎರಡು ಸಲ ಓದಿದರು. "ತಪ್ಪು ನಿಮ್ಮದು ಅಂತ ನೀವೇ ಬರೆದಿದೀರಲ್ಲ" ಅಂದರು. ಅಕ್ಕನ ಕೆಲಸ ಉಳಿಯಿತು. ಎಚ್ಚರಿಕೆಯ ಪತ್ರ ಬಂದದ್ದು ತಂಗಿಗೆ. ಅದು ಕೈಗೆ ಬಂದ ವಾರವೇ ಪರೀಕ್ಷೆ ಬರೆದು ಪಾಸಾದಳು.

ಮೂವರಲ್ಲಿ ಇಬ್ಬರು ಬೇಗ ಮನೆಗೆ ಹೋದರು. ಮೂರನೆಯವನು ಬಸ್ ಡ್ರೈವರ್, ಅವನ ಕಾಲಿನ ಗಾಯವನ್ನು ಮತ್ತೆ ಬಿಚ್ಚಬೇಕಾಯಿತು. ಹಾಸಿಗೆ ಪಕ್ಕ ಕೂತು, ನಡೆದದ್ದನ್ನೆಲ್ಲ ಅವನಿಗೆ ಅವಳೇ ಹೇಳಿದಳು. ಅವನು ಗೋಡೆ ಕಡೆ ತಿರುಗಿ ಮಲಗಿದ.

ಅಕ್ಕ ಒಂದು ತಿಂಗಳು ಮಾತು ಬಿಟ್ಟಳು. ಆಮೇಲೊಂದು ಸಂಜೆ ತಾನಾಗಿ ಮನೆಗೆ ಬಂದು, ಒಳಗೂ ಕಾಲಿಡದೆ, "ಆ ಡ್ರೈವರ್ ನಡೀತಿದಾನಾ?" ಅಂತ ಕೇಳಿದಳು.

"ನಡೀತಿದಾನೆ ಅಕ್ಕಾ."

ಅಕ್ಕ ಹೊಸ್ತಿಲ ಮೇಲೇ ಕುಸಿದು ಕೂತು ಅತ್ತುಬಿಟ್ಟಳು.