ಕುದುರೆಯಿಂದಾದರೂ ಸರಿ, ಅಕ್ಕನಿಂದ ಬೇಡ

ನನ್ನ ಹೊಲಿಗೆ ಅಂಗಡಿಗೂ ಮಹದೇವನ ಫೋಟೋ ಫ್ರೇಮ್ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನಿಂದ ನಮ್ಮ ಅಡ್ಡರಸ್ತೆಗೆ ತಿರುಗಿದರೆ ಮೊದಲು ಅವನ ದೇವರುಗಳು ಕಾಣುತ್ತಾರೆ, ಆಮೇಲೆ ನನ್ನ ರವಿಕೆಗಳು. ಹದಿನಾಲ್ಕು ವರ್ಷದಿಂದ ಅವನು ಗಾಜು ಕೊಯ್ಯುವ ಸದ್ದು ಕೇಳಿಕೊಂಡೇ ನಾನು ಹುಕ್ಕು, ಕಾಜಾ ಹಾಕಿದ್ದೇನೆ. ಹಾಗಾಗಿ ಅವನ ವಿಷಯ ಬರೆಯಲು ನನಗಿರುವಷ್ಟು ಹಕ್ಕು ಅವನ ಹೆಂಡತಿ ಸ್ಪಂದನಳಿಗೂ ಇಲ್ಲ. ಅವಳು ಬಂದು ಎಂಟು ವರ್ಷವಾಯಿತು ಅಷ್ಟೆ.

ಮಹದೇವನಿಗೆ ಈಗ ಮೂವತ್ತೇಳು. ಕೊಡುವುದು ಅವನಿಗೊಂದು ಚಟ. ಮೂರು ತಿಂಗಳಿಗೊಮ್ಮೆ ರಕ್ತ ಕೊಡುತ್ತಿದ್ದ. ರಾಜ್ಯೋತ್ಸವಕ್ಕೆ ಎಲ್ಲಿ ಶಾಮಿಯಾನ ಹಾಕಿದರೂ ಅಲ್ಲಿ ಇವನು ತೋಳು ಮಡಚಿ ಮಲಗಿರುತ್ತಿದ್ದ. ಬಂದ ಸರ್ಟಿಫಿಕೇಟುಗಳಿಗೆಲ್ಲ ತಾನೇ ಫ್ರೇಮ್ ಹಾಕಿ ವೆಂಕಟರಮಣನ ಪಟದ ಪಕ್ಕ ತೂಗುಹಾಕಿದ್ದ. ಆ ತಿರುಪತಿಯವನು ತಗೊಳ್ಳುವವನು, ಈ ಹೊಸಹಳ್ಳಿಯವನು ಕೊಡುವವನು, ಇಬ್ಬರೂ ಜೊತೆಗಿರಲಿ ಎಂದು ನಾನು ರೇಗಿಸುತ್ತಿದ್ದೆ.

ತಗೊಳ್ಳುವುದು ಮಾತ್ರ ಅವನಿಗೆ ಬಾರದು. ಒಂದು ಡಬ್ಬಿ ಚಿತ್ರಾನ್ನ ಕೊಟ್ಟರೆ ಮಾರನೇ ದಿನ ಅದೇ ಡಬ್ಬಿಯ ತುಂಬ ಕೋಡುಬಳೆ ಬರುತ್ತಿತ್ತು. ಅದರಲ್ಲೂ ಅಕ್ಕ ರಂಜಿನಿಯ ವಿಷಯದಲ್ಲಿ ಅವನ ಹಟ ಹೇಳತೀರದು. ರಂಜಿನಿ ಅವನಿಗಿಂತ ಆರು ವರ್ಷ ದೊಡ್ಡವಳು, ಮದುವೆಯಾಗಿ ಬ್ಯಾಡರಹಳ್ಳಿಯಲ್ಲಿದ್ದಾಳೆ. ಅಪ್ಪ ಅಮ್ಮ ಹೋದ ಮೇಲೆ ಅವಳ ತವರು ಎಂದರೆ ಇವನೊಬ್ಬನೇ. ಮನೆಯ ಹೆಣ್ಣುಮಗಳಿಗೆ ಕೊಡಬೇಕು, ಅವಳಿಂದ ಏನನ್ನೂ ತಗೊಳ್ಳಬಾರದು ಎಂದು ಅವರಪ್ಪ ಕಲಿಸಿ ಹೋಗಿದ್ದರು. ಒಮ್ಮೆ ಅವಳು ತನ್ನ ಮನೆಯ ಕುಂಡದಿಂದ ನಾಲ್ಕು ಎಸಳು ಕರಿಬೇವು ಕಿತ್ತು ಕೊಟ್ಟದ್ದಕ್ಕೆ ಇವನು ವಾರದೊಳಗೆ ಅವಳಿಗೊಂದು ಸೀರೆ ಕೊಡಿಸಿದ. ಅದಕ್ಕೆ ರವಿಕೆ ಹೊಲಿದವಳು ನಾನೇ, ಆದ್ದರಿಂದ ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ.

ಹೋದ ವರ್ಷ ಆಷಾಢದಲ್ಲಿ ಒಂದು ಬೆಳಿಗ್ಗೆ ಗಾಜು ಕೊಯ್ಯುವಾಗ ಅವನ ಹೆಬ್ಬೆರಳಿಗೆ ತಾಗಿತು. ಅವನ ಕಸುಬಿನಲ್ಲಿ ಅದೇನು ದೊಡ್ಡದಲ್ಲ, ಅರಿಶಿನ ಮೆತ್ತಿ ಮತ್ತೆ ಕೆಲಸಕ್ಕೆ ಕೂರುತ್ತಾನೆ. ಅವತ್ತು ಅರಿಶಿನ ಮೆತ್ತಿದ, ರಕ್ತ ಬಂತು. ಬಟ್ಟೆ ಸುತ್ತಿದ, ಬಟ್ಟೆ ನೆನೆಯಿತು. ನನ್ನ ಅಂಗಡಿಯ ಅರ್ಧ ಮೀಟರ್ ಲೈನಿಂಗ್ ಹಾಳಾಯಿತೇ ಹೊರತು ಒಂದು ಗಂಟೆಯಾದರೂ ರಕ್ತ ನಿಲ್ಲಲಿಲ್ಲ. ಆಗ ನೋಡುತ್ತೇನೆ, ತೋಳಿನ ತುಂಬ ನೇರಳೆ ಬಣ್ಣದ ಕಲೆಗಳು, ಕಾಲಿನ ಮೇಲೆ ಚುಕ್ಕೆ ಚುಕ್ಕೆ ಕೆಂಪು. ಹಲ್ಲುಜ್ಜುವಾಗ ರಕ್ತ ಬರುತ್ತಿದೆ, ಬ್ರಶ್ ಸರಿಯಿಲ್ಲ ಎಂದ. ಅಟ್ಟ ಹತ್ತಿದರೆ ಏದುಸಿರು ಬರುತ್ತಿದೆ, ಏಣಿ ಸರಿಯಿಲ್ಲ ಎಂದ.

ಟೆಸ್ಟ್ ಮಾಡಿಸಿದರೆ ಹಿಮೋಗ್ಲೋಬಿನ್ ಆರು. ಬೀದಿಯವರು ಇಡೀ ರಿಪೋರ್ಟಿನಲ್ಲಿ ಓದಿದ್ದು ಅದೊಂದೇ ಸಾಲು. ಬೀಟ್ರೂಟು ಬಂತು, ಖರ್ಜೂರ ಬಂತು, ದಾಳಿಂಬೆ ಬಂತು. ನುಗ್ಗೆಸೊಪ್ಪಿನ ಪಲ್ಯ ತಂದ ಬುದ್ಧಿವಂತೆ ನಾನೇ. ಪಾಪ, ಅವನು ಹತ್ತು ದಿನ ಬೀಟ್ರೂಟ್ ತಿಂದು, ಡಬ್ಬಿಗಳಿಗೆಲ್ಲ ಕೋಡುಬಳೆ ತುಂಬಿಸಿ ವಾಪಸ್ ಕಳಿಸಿದ. ಹನ್ನೊಂದನೇ ದಿನಕ್ಕೆ ಹಿಮೋಗ್ಲೋಬಿನ್ ಐದಕ್ಕೆ ಇಳಿದಿತ್ತು.

ಆಗ ದೊಡ್ಡಾಸ್ಪತ್ರೆಯ ರಕ್ತರೋಗದ ಡಾಕ್ಟರಮ್ಮನ ಹತ್ತಿರ ಹೋದೆವು. ಸ್ಪಂದನ ಹೆದರಿದ್ದಳು, ಜೊತೆಗೆ ನಾನೂ ಹೋದೆ. ಸೊಂಟದ ಮೂಳೆಗೆ ನೋವು ತಿಳಿಯದ ಹಾಗೆ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿಯಿಂದ ಎಳೆಯಂಥ ಒಂದು ಚೂರು ತೆಗೆದರು. ಮಹದೇವ ಅದನ್ನು ನೋಡಿ, "ಮೇಡಂ, ಇದಕ್ಕೆ ಯಾವ ಸೈಜ್ ಫ್ರೇಮ್ ಬೇಕಾಗತ್ತೆ?" ಎಂದು ಕೇಳಿದ. ಆಕೆ ನಕ್ಕರು. ವಾರದ ಮೇಲೆ ರಿಪೋರ್ಟ್ ಬಂದಾಗ ಯಾರೂ ನಗಲಿಲ್ಲ.

"ನಿಮಗೆ ಕಬ್ಬಿಣ ಕಮ್ಮಿಯಾಗಿಲ್ಲ ಮಹದೇವ್," ಎಂದರು ಡಾಕ್ಟರಮ್ಮ. "ರಕ್ತ ತಯಾರಾಗೋದು ಮೂಳೆ ಒಳಗಿನ ಮಜ್ಜೆಯಲ್ಲಿ. ಅದು ಅಡುಗೆಮನೆ ಅಂದ್ಕೊಳ್ಳಿ. ನೀವು ಸಾಮಾನು ತಂದು ಸುರೀತಿದ್ದೀರ, ಒಳಗೆ ಅಡುಗೆ ಮಾಡೋರೇ ಇಲ್ಲ. ಸುಸ್ತು ಆಗದೇ ಇರೋ ಹಾಗೆ ನೋಡ್ಕೊಳ್ಳೋ ಕೆಂಪು ಕಣ, ಸೋಂಕಿನ ಜೊತೆ ಹೊಡೆದಾಡೋ ಬಿಳಿ ಕಣ, ರಕ್ತ ನಿಲ್ಲಿಸೋ ಪ್ಲೇಟ್ಲೆಟ್, ಮೂರೂ ಇಳಿದುಹೋಗಿವೆ. ಇದಕ್ಕೆ ಏಪ್ಲಾಸ್ಟಿಕ್ ಅನೀಮಿಯಾ ಅಂತಾರೆ."

"ಕ್ಯಾನ್ಸರ್ರಾ ಮೇಡಂ?" ಸ್ಪಂದನ ಕೇಳಿದಳು.

"ಅಲ್ಲಮ್ಮ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಅಲ್ಲ. ಮೈ ಕಾಯೋ ಕಣಗಳೇ ದಾರಿ ತಪ್ಪಿ ಮಜ್ಜೆಯ ಮೇಲೆ ಬಿದ್ದಿವೆ. ಯಾಕೆ ಅಂತ ಸುಮಾರು ಜನರಲ್ಲಿ ಗೊತ್ತೇ ಆಗಲ್ಲ. ಆದ್ರೆ ಬಿಟ್ರೆ ಇದು ಸುಮ್ನಿರೋ ಕಾಯಿಲೆ ಅಲ್ಲ. ಒಂದು ಜ್ವರ ಸಾಕು."

ನಮ್ಮ ಬೀದಿಗೆ ಕಾರಣ ಆಗಲೇ ಗೊತ್ತಾಗಿತ್ತು. ಊರಿಗೆಲ್ಲ ರಕ್ತ ಕೊಟ್ಟೂ ಕೊಟ್ಟೂ ಖಾಲಿ ಮಾಡಿಕೊಂಡ, ಅಷ್ಟೆ! ರಕ್ತದಾನಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಕೊಟ್ಟ ರಕ್ತವನ್ನು ಗಟ್ಟಿ ಮೈ ತಾನೇ ತುಂಬಿಕೊಳ್ಳುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ನಾನು ಅದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಯಾರೂ ಕೇಳಲಿಲ್ಲ. ಜನಕ್ಕೆ ಒಳ್ಳೆಯವನು ಒಳ್ಳೆಯತನದಿಂದಲೇ ಕೆಟ್ಟ ಎಂದು ಹೇಳುವುದರಲ್ಲಿ ಏನು ಖುಷಿಯೋ, ನನಗಂತೂ ಮೈ ಉರಿಯುತ್ತದೆ.

ವಾರವಾರ ರಕ್ತ, ಪ್ಲೇಟ್ಲೆಟ್ ಏರಿಸತೊಡಗಿದರು. ಕೊಟ್ಟವರ ವಿಳಾಸ ಬೇಕು ಎಂದು ಮಹದೇವ ಬ್ಲಡ್ ಬ್ಯಾಂಕಿನವರ ಪ್ರಾಣ ತಿಂದ. ಅವರು ಕೊಡಲಿಲ್ಲ. ಯಾರಿಗೂ ಏನೂ ವಾಪಸ್ ಕೊಡಲಾಗದೆ ಬೇರೆಯವರ ರಕ್ತ ಮೈಯಲ್ಲಿ ಇಟ್ಟುಕೊಳ್ಳುವುದು ಅವನಿಗೆ ಕಾಯಿಲೆಗಿಂತ ದೊಡ್ಡ ಸಂಕಟವಾಯಿತು. ರಂಜಿನಿ ತಾನೇ ರಕ್ತ ಕೊಡಲು ಓಡಿಬಂದಳು. ಡಾಕ್ಟರಮ್ಮ ತಡೆದರು. ಒಡಹುಟ್ಟಿದವರ ರಕ್ತ ಈಗಲೇ ಏರಿಸಿದರೆ, ಮುಂದೆ ಇವನ ಕೆಟ್ಟ ಮಜ್ಜೆಯ ಬದಲು ಅವರದನ್ನು ಹಾಕಬೇಕಾದಾಗ ಮೈ ಅದನ್ನು ಗುರುತಿಟ್ಟುಕೊಂಡು ಒದ್ದು ಓಡಿಸಬಹುದಂತೆ. ಇಬ್ಬರ ರಕ್ತವನ್ನೂ ಹೊಂದಾಣಿಕೆ ಪರೀಕ್ಷೆಗೆ ಮಾತ್ರ ಕಳಿಸಿದರು.

ಒಡಹುಟ್ಟಿದವರಲ್ಲೂ ಪೂರ್ತಿ ಹೊಂದುವುದು ನಾಲ್ಕರಲ್ಲಿ ಒಂದು ಪಾಲಂತೆ. ರಂಜಿನಿಯದು ಪೂರ್ತಿ ಹೊಂದಿತು. ಸ್ಪಂದನ ಆಸ್ಪತ್ರೆಯ ಕಾರಿಡಾರಿನಲ್ಲೇ ಅತ್ತುಬಿಟ್ಟಳು, ನಾನು ಕಂಡ ದೇವರಿಗೆಲ್ಲ ಕೈ ಮುಗಿದೆ. ಮಹದೇವ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತು, "ಬೇರೆ ದಾರಿ ಏನಿದೆ ಮೇಡಂ?" ಎಂದ.

"ಔಷಧಿ ಇದೆ. ತಪ್ಪು ಮಾಡ್ತಿರೋ ಕಣಗಳನ್ನ ಅಡಗಿಸೋ ಔಷಧಿ, ಕುದುರೆಯ ರಕ್ತದಿಂದ ತಯಾರು ಮಾಡ್ತಾರೆ. ಜೊತೆಗೆ ತಿಂಗಳುಗಟ್ಟಲೆ ಮಾತ್ರೆ. ಎಷ್ಟೋ ಜನಕ್ಕೆ ಕೆಲಸ ಮಾಡತ್ತೆ. ಆದ್ರೆ ನಿಧಾನ, ಕಾಯಿಲೆ ವಾಪಸ್ ಬರಲೂಬಹುದು. ನಿಮ್ಮ ವಯಸ್ಸಿಗೆ, ಹೊಂದೋ ಅಕ್ಕ ಪಕ್ಕದಲ್ಲೇ ಇರೋವಾಗ, ನಾನು ಹೇಳೋದು ಮಜ್ಜೆನೇ."

"ಕುದುರೆದೇ ಕೊಡಿ ಮೇಡಂ."

"ಯಾಕೆ?"

"ಅಕ್ಕನಿಂದ ತಗೊಳ್ಳಲ್ಲ."

ಬಾಗಿಲ ಹತ್ತಿರ ನಿಂತಿದ್ದ ರಂಜಿನಿ ಒಳಗೆ ಬಂದಳು. "ಏನೋ ಅಂದೆ? ನಾನು ಕುದುರೆಗಿಂತ ಕಡೆನೇನೋ?"

"ಹಂಗಲ್ಲ ಅಕ್ಕ. ನಿನಗೆ ಅರಿವಳಿಕೆ ಕೊಡ್ತಾರಂತೆ, ಮೂಳೆ ಚುಚ್ತಾರಂತೆ. ನಿನಗೂ ಎರಡು ಮಕ್ಕಳಿದಾವೆ. ನಿನಗೇನಾದ್ರೂ ಆದ್ರೆ ನಾನು ಅಪ್ಪನಿಗೆ ಏನು ಹೇಳ್ಲಿ?"

ಕೆಲವು ದಿನ ಸೊಂಟನೋವು ಇರುತ್ತದೆ, ದೊಡ್ಡ ತೊಂದರೆ ತೀರಾ ಅಪರೂಪ, ತೆಗೆದ ಮಜ್ಜೆ ಕೆಲವೇ ವಾರಗಳಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದರು. ಅವನು ಅಲುಗಲಿಲ್ಲ. ಮಾರನೇ ವಾರ ಜ್ವರ ಬಂದು ಐದು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದ, ಆಗಲೂ ಅಲುಗಲಿಲ್ಲ. ಮನೆಗೆ ಬಂದವನು ತನ್ನದೇ ಒಂದು ಫೋಟೋ ಹುಡುಕಿ, "ಲತಾಕ್ಕ, ಇದಕ್ಕೆ ತೇಗದ ಫ್ರೇಮ್ ಚೆನ್ನಾಗಿರತ್ತಾ, ಗೋಲ್ಡನ್ನಾ?" ಎಂದು ನನ್ನನ್ನೇ ಕೇಳಿದ. ಫೋಟೋ ಕಿತ್ತುಕೊಂಡು ನನ್ನ ಕತ್ತರಿಯಿಂದ ಎರಡು ತುಂಡು ಮಾಡಿದೆ. ಅವನು ನಗುತ್ತಿದ್ದ. ನನಗೆ ಎಷ್ಟು ಭಯವಾಗಿತ್ತೆಂದರೆ ಆವತ್ತು ಒಬ್ಬರ ರವಿಕೆಯ ತೋಳು ಉಲ್ಟಾ ಹೊಲಿದೆ.

ಅಷ್ಟರಲ್ಲಿ ಗೌರಿಹಬ್ಬ ಬಂತು. ಅವತ್ತು ಅರಿಶಿನ ಕುಂಕುಮಕ್ಕೆಂದು ನಾನು ಅವರ ಮನೆಗೆ ಹೋದಾಗ ರಂಜಿನಿ ಆಗಲೇ ಬಂದಿದ್ದಳು. ಎಲ್ಲರೂ ಮಾಸ್ಕ್ ಹಾಕಿಕೊಂಡಿದ್ದೆವು. ಮಹದೇವ ದೂರದಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಸ್ಪಂದನ ರಂಜಿನಿಯನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದಳು. ಅಕ್ಕಿ, ಬೆಲ್ಲದ ಅಚ್ಚು, ಕೊಬ್ಬರಿ, ಎಲೆ ಅಡಿಕೆ, ರವಿಕೆ ಬಟ್ಟೆ, ಯಾವುದಕ್ಕೂ ಕಮ್ಮಿಯಿರಲಿಲ್ಲ. ರಂಜಿನಿ ಸೆರಗು ಗಂಟು ಹಾಕಿಕೊಂಡಳು, ಎದ್ದಳು, ನೇರವಾಗಿ ಬಾಗಿಲಿಗೆ ನಡೆದಳು.

ನಮ್ಮಲ್ಲಿ ಹಾಗೆ ಹೋಗುವಂತಿಲ್ಲ. ಮಡಿಲಕ್ಕಿ ತುಂಬಿಸಿಕೊಂಡ ಹೆಣ್ಣುಮಗಳು ಅದರಲ್ಲೇ ಒಂದು ಹಿಡಿ ಅಕ್ಕಿಯನ್ನು ದೇವರ ಮುಂದೆ ಬಿಟ್ಟೇ ಹೊಸಿಲು ದಾಟಬೇಕು. ಎಲ್ಲ ಬಾಚಿಕೊಂಡು ಹೋದರೆ ತವರು ಬರಿದಾಗುತ್ತದೆ ಎಂದು ನಂಬಿಕೆ. ರಂಜಿನಿ ಯಾವ ವರ್ಷವೂ ಮರೆತವಳಲ್ಲ.

"ಅಕ್ಕ, ಅಕ್ಕಿ!" ಕಿಟಕಿಯ ಹತ್ತಿರದಿಂದ ಮಹದೇವ ಕೂಗಿದ.

"ಯಾವ ಅಕ್ಕಿ?"

"ಒಂದು ಹಿಡಿ ಬಿಟ್ಟು ಹೋಗಬೇಕಲ್ಲ."

"ನೀನು ಹೆಣ್ಣುಮಕ್ಕಳಿಂದ ಏನೂ ತಗೊಳ್ಳೋನಲ್ಲವಲ್ಲ? ನಿನಗ್ಯಾಕೆ ನನ್ನ ಮಡಿಲಕ್ಕಿ?"

"ಅದು ಶಾಸ್ತ್ರ ಅಕ್ಕ. ಅದು ತಗೊಳ್ಳೋದು ಅಲ್ಲ. ಇಲ್ಲಿಂದ ಹೋಗಿದ್ದರಲ್ಲೇ ಒಂದಿಷ್ಟು ಇಲ್ಲೇ ಉಳಿಯತ್ತೆ ಅಷ್ಟೆ."

ರಂಜಿನಿ ತಿರುಗಿ ನಿಂತಳು. ಅವಳು ಕಾಯುತ್ತಿದ್ದ ಮಾತು ಅದೇ ಎಂದು ನನಗೆ ಆಗ ಹೊಳೆಯಿತು. ನಾಲ್ಕು ದಿನದ ಹಿಂದೆ ನನ್ನ ಅಂಗಡಿಗೆ ಬಂದು, ಹಬ್ಬದ ದಿನ ನಾನು ಏನು ಮಾಡಿದರೂ ನೀವು ನಡುವೆ ಬಾಯಿ ಹಾಕಬೇಡಿ ಎಂದು ಯಾಕೆ ಹೇಳಿದ್ದಳೆಂಬುದೂ ಅರ್ಥವಾಯಿತು.

"ನನ್ನ ಮೂಳೆಯಲ್ಲಿರೋದು ಎಲ್ಲಿಂದ ಹೋಗಿದ್ದೋ? ಬ್ಯಾಡರಹಳ್ಳಿ ಸಂತೆಯಲ್ಲಿ ತಂದ್ನಾ? ಅಪ್ಪ ಅಮ್ಮ ಕೊಟ್ಟಿದ್ದು. ಈ ಮನೆಯಿಂದ ತುಂಬಿಸ್ಕೊಂಡು ಹೋಗಿದ್ದು. ಅದರಲ್ಲಿ ಒಂದು ಹಿಡಿ ಇಲ್ಲಿ ಬಿಟ್ಟು ಹೋಗ್ತೀನಿ ಅಂದ್ರೆ ನೀನು ಬೇಡ ಅಂತೀಯ. ಅಕ್ಕಿ ಮಾತ್ರ ಬೇಕಾ?"

ಅವನು ಕಿಟಕಿಯ ಕಡೆಗೆ ಮುಖ ತಿರುಗಿಸಿದ.

"ತವರು ಬರಿದಾಗತ್ತೆ ಅಂತ ಹೆದರ್ತೀಯಲ್ಲ. ಆಗಲೇ ಬರಿದಾಗಿದೆ ಕಣೋ. ರಿಪೋರ್ಟಲ್ಲೇ ಬರೆದಿದೆ."

ಮಹದೇವ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡ. ಅದರ ಒಳಗಿಂದಲೇ, "ನೋವಾಗತ್ತೆ ಅಕ್ಕ," ಎಂದ.

"ಎರಡು ಹೆತ್ತಿದೀನಿ. ನಿನಗೇನು ಗೊತ್ತು ನೋವು," ಎಂದು ಅವಳು ದೇವರ ಮುಂದೆ ಹೋಗಿ ಒಂದು ಹಿಡಿ ಅಕ್ಕಿ ಬಿಟ್ಟಳು.

ದಸರಾ ಕಳೆದ ಮೇಲೆ ಅವನನ್ನು ಸೋಂಕು ತಗುಲದ ಹಾಗೆ ಆಸ್ಪತ್ರೆಯ ಗಾಜಿನ ಕೋಣೆಗೆ ಸೇರಿಸಿದರು. ಹೊಸ ಮಜ್ಜೆ ಬರುವ ಮೊದಲು ಹಳೆಯ ತಪ್ಪು ಕಣಗಳನ್ನು ಪೂರ್ತಿ ಅಡಗಿಸಬೇಕಲ್ಲ, ಅದಕ್ಕೆ ಕೊಟ್ಟ ಔಷಧಿಗಳಲ್ಲಿ ಕುದುರೆಯದೂ ಒಂದು! ಅಂತೂ ಇಂತೂ ಕುದುರೆಯಿಂದಲೂ ತಗೊಂಡ, ಅಕ್ಕನಿಂದಲೂ ತಗೊಂಡ. ಅವನ ಗುಂಗುರು ಕೂದಲು ಉದುರಿ ತಲೆ ಬೋಳಾಯಿತು. ರಂಜಿನಿಯ ಸೊಂಟದ ಮೂಳೆಯಿಂದ ತೆಗೆದದ್ದು ಒಂದು ಚೀಲದಲ್ಲಿ ಬಂತು, ರಕ್ತದ ಹಾಗೆಯೇ ಇತ್ತು, ರಕ್ತದ ಹಾಗೆಯೇ ನಳಿಕೆಯಲ್ಲಿ ಇಳಿಯಿತು. ನರ್ಸ್ ಕೈತೊಳೆದುಕೊಂಡು ಹೊರಟಳು. ಏನೋ ದೊಡ್ಡ ಆಪರೇಷನ್ ಎಂದುಕೊಂಡಿದ್ದ ನನಗೆ, ಸತ್ಯ ಹೇಳಬೇಕೆಂದರೆ, ಸ್ವಲ್ಪ ನಿರಾಸೆಯೇ ಆಯಿತು.

ನಿಜವಾದ ಕಷ್ಟ ಕಾಯುವುದು. ಆ ಕಣಗಳು ತಾವಾಗಿ ದಾರಿ ಹುಡುಕಿಕೊಂಡು ಮೂಳೆಯೊಳಗೆ ಸೇರಿ ಬೇರು ಬಿಡಬೇಕು, ಬಿಡದೆಯೂ ಇರಬಹುದು. ಬಿಳಿ ಕಣ ಮೊದಲ ವಾರ ಸೊನ್ನೆ, ಎರಡನೇ ವಾರವೂ ಸೊನ್ನೆ. ಹನ್ನೆರಡನೇ ದಿನ ಚಳಿಜ್ವರ ಬಂತು. ಬಾಯಿತುಂಬ ಹುಣ್ಣು, ಒಂದು ತುತ್ತು ಇಳಿಯುತ್ತಿರಲಿಲ್ಲ. ರಂಜಿನಿ ದಿನಾ ಬ್ಯಾಡರಹಳ್ಳಿಯಿಂದ ಬಂದು, ನೋಯುವ ಸೊಂಟಕ್ಕೆ ಕೈ ಕೊಟ್ಟುಕೊಂಡು ಗಾಜಿನ ಹೊರಗೆ ನಿಲ್ಲುತ್ತಿದ್ದಳು. ನನ್ನದು ಚೆನ್ನಾಗಿಲ್ಲವೇನೋ ಲತಾಕ್ಕ ಎಂದು ಒಂದು ದಿನ ನನ್ನ ಭುಜ ಹಿಡಿದು ಅತ್ತಳು. ನಾನು ಬೈದೆ. ಬೈಯುವುದು ಬಿಟ್ಟರೆ ನನಗೂ ಏನೂ ತೋಚಲಿಲ್ಲ.

ಹತ್ತೊಂಬತ್ತನೇ ದಿನ ಕೌಂಟ್ ಇನ್ನೂರಕ್ಕೆ ಬಂತು, ಮೂರು ದಿನದಲ್ಲಿ ಎಂಟುನೂರು ದಾಟಿತು. ಡಾಕ್ಟರಮ್ಮ ನಗುತ್ತಾ ಹೊರಗೆ ಬಂದರು. ಇನ್ನೂ ತಿಂಗಳುಗಟ್ಟಲೆ ಮಾತ್ರೆ ಇದೆ, ಜ್ವರದ ಭಯ ಇದೆ, ಹೊಸ ಮಜ್ಜೆ ತಕರಾರು ಮಾಡಲೂಬಹುದು, ಆದರೆ ಬೇರು ಹಿಡಿದಿದೆ ಎಂದರು. ಇನ್ನು ಕೆಲವು ತಿಂಗಳಿಗೆ ಅವನ ರಕ್ತದ ಗುಂಪೂ ಬದಲಾಗಿ ಅಕ್ಕನ ಬಿ ಪಾಸಿಟಿವ್ ಆಗುತ್ತದಂತೆ. "ಕೇಳಿಸ್ಕೊಂಡ್ಯೇನೋ? ಇನ್ಮೇಲೆ ಒಳಗೆಲ್ಲ ನಾನೇ ಓಡಾಡ್ತಿರ್ತೀನಿ, ಹುಷಾರಾಗಿರು," ಎಂದು ರಂಜಿನಿ ಗಾಜಿನ ಪಕ್ಕದ ಫೋನಿನಲ್ಲಿ ಹೆದರಿಸಿದಳು.

ಒಳಗೆ ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಒಣಗಿದ ತುಟಿ, ಬೋಳು ತಲೆ, ಗುರುತೇ ಸಿಗದಷ್ಟು ಸೊರಗಿದ್ದ.

"ಅಕ್ಕ, ಇದಕ್ಕೆ ನಾನು ನಿನಗೆ ಏನು ಕೊಡ್ಲಿ?"

"ಏನೂ ಕೊಡಬೇಡ ಕಣೋ. ಬದುಕಿರು. ಮನಸ್ಸಿಗೆ ಬೇಜಾರಾದಾಗ ಎದ್ದು ಬರೋಕೆ ನನಗೆ ಒಂದು ಮನೆ ಇರ್ಲಿ."

ಮಹದೇವ ಏನೋ ಹೇಳಲು ಹೋದ. ನಾನು ಇನ್ನೊಂದು ಸೀರೆ ಬಂತು ಎಂದೇ ಅಂದುಕೊಂಡೆ. ಅವನು ಬಾಯಿ ಮುಚ್ಚಿ, ಅಕ್ಕನ ಮುಖ ನೋಡುತ್ತಾ, ಆಗಲಿ ಎಂದು ತಲೆಯಾಡಿಸಿದ.